ಪ್ರತಿಯ ಮೇಲೆ ಪ್ರತಿ: ಕಚೇರಿಗಳಲ್ಲಿ ಕಾಗದದ ಅಪವ್ಯಯ ತಗ್ಗಿಸುವ ಬಗೆ

ಕಚೇರಿಗಳಲ್ಲಿ ಕಾಗದ ಪೋಲಾಗುವುದಕ್ಕೆ ನೌಕರರ ಅಜಾಗರೂಕತೆಯೇ ಕಾರಣವೆಂಬ ಭಾವನೆ ವ್ಯಾಪಕವಾಗಿರುವುದರಿಂದ ಅದರ ಪರಿಹಾರವೂ ಉಪದೇಶದ ರೂಪದಲ್ಲೇ ಬರುತ್ತದೆ. ಪ್ರಿಂಟರಿನ ಹಿಂದಿನ ಗೋಡೆಗೆ ಕಾಗದ ಉಳಿಸಿ ಎಂಬ ಚೀಟಿ ಅಂಟುತ್ತದೆ, ಇ-ಮೇಲ್‌ಗಳ ಅಡಿಯಲ್ಲಿ ಅನಗತ್ಯವಾಗಿ ಮುದ್ರಿಸಬೇಡಿ ಎಂಬ ಹಸಿರು ಬಣ್ಣದ ಸಾಲು ಸೇರಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ಜೂನ್ 5ರ ಪರಿಸರ ದಿನದಂದು ಈ ಕುರಿತ ಸುತ್ತೋಲೆಯೊಂದು, ಅದೂ ಕಾಗದದ ಮೇಲೆಯೇ ಅಚ್ಚಾಗಿ, ಎಲ್ಲ ಶಾಖೆಗಳಿಗೂ ರವಾನೆಯಾಗುತ್ತದೆ. ಆದರೆ ಕಚೇರಿಯ ಬುಟ್ಟಿಗೆ ಬಿದ್ದ ಹಾಳೆಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಎಷ್ಟೋ ಹಾಳೆಗಳು ಹಳೆಯ ನಿಯಮದಿಂದ, ಯಾರೂ ಪ್ರಶ್ನಿಸದ ರೂಢಿಯಿಂದ, ಯಂತ್ರದ ಹೊಂದಾಣಿಕೆಯಿಂದ ಮತ್ತು ಒಂದು ಶಾಖೆ ಇನ್ನೊಂದು ಶಾಖೆಯ ದಾಖಲೆಯನ್ನು ನಂಬದಿರುವುದರಿಂದ ಹುಟ್ಟಿದವು ಎಂಬುದು ತಿಳಿಯುತ್ತದೆ. ಕಡಿತದ ಕೆಲಸವನ್ನು ಯಂತ್ರ, ನಮೂನೆ ಮತ್ತು ನಿಯಮಗಳಿಂದ ಆರಂಭಿಸಿದ ಕಚೇರಿಗೆ ನೌಕರರನ್ನು ತಿದ್ದುವ ಅಗತ್ಯ ಬಹಳ ಮಟ್ಟಿಗೆ ಬೀಳುವುದೇ ಇಲ್ಲ.

ಈ ಮಾತಿಗೆ ಪ್ರಯೋಗದ ಆಧಾರವೂ ಉಂಟು. ಸ್ವೀಡನ್ನಿನ ಅರ್ಥಶಾಸ್ತ್ರಜ್ಞರಾದ ಯೋಹಾನ್ ಎಗೆಬಾರ್ಕ್ ಮತ್ತು ಮಥಿಯಾಸ್ ಎಕ್‌ಸ್ಟ್ರೋಮ್ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಯನ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಉಪಾಯಗಳನ್ನು ತೂಗಿ ನೋಡಿದರು. ಕಾಗದ ಉಳಿಸುವಂತೆ ನೌಕರರನ್ನು ಕೋರುವುದು ಒಂದು; ಮುದ್ರಣಯಂತ್ರದ ಪೂರ್ವನಿಗದಿಯನ್ನು, ಎಂದರೆ ಬಳಸುವವರು ತಾವಾಗಿ ಏನನ್ನೂ ಆರಿಸದಿದ್ದಾಗ ಯಂತ್ರ ಅನುಸರಿಸುವ, ರೂಢಿಯಲ್ಲಿ ಡಿಫಾಲ್ಟ್ ಎನಿಸಿಕೊಳ್ಳುವ ಹೊಂದಾಣಿಕೆಯನ್ನು, ಒಂದು ಬದಿಯಿಂದ ಎರಡು ಬದಿಗೆ ಬದಲಿಸುವುದು ಇನ್ನೊಂದು. ಕೋರಿಕೆಯಿಂದ ಕಾಗದದ ಬಳಕೆಯಲ್ಲಿ ಪರಿಣಾಮವೇನೂ ಕಾಣಲಿಲ್ಲ. ಪೂರ್ವನಿಗದಿ ಬದಲಾದಾಗ ಬಳಕೆ ಶೇ 15ರಷ್ಟು ಇಳಿಯಿತು, ಇಳಿದದ್ದು ಹಾಗೆಯೇ ಉಳಿಯಿತು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯವೂ 2007ರಲ್ಲಿ ತನ್ನ ಕಂಪ್ಯೂಟರ್ ಕೊಠಡಿಗಳ ಪ್ರಿಂಟರುಗಳಲ್ಲಿ ಇದೇ ಬದಲಾವಣೆ ಮಾಡಿ ಒಂದೇ ಸೆಮಿಸ್ಟರಿನಲ್ಲಿ 70 ಲಕ್ಷಕ್ಕೂ ಹೆಚ್ಚು ಹಾಳೆ ಉಳಿಸಿತು. ಒಂದು ಬದಿಯ ಮುದ್ರಣ ಬೇಕೆನಿಸಿದವರು ಅದನ್ನು ಆರಿಸಿಕೊಳ್ಳಲು ಎರಡೂ ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿತ್ತು. ಬಹಳ ಜನರಿಗೆ ಅದು ಬೇಕಿರಲಿಲ್ಲ.

ಕಾಗದದ ಪ್ರಮಾಣ ಏರಿದ ಬಗೆಯೂ ಇದನ್ನೇ ಹೇಳುತ್ತದೆ. ಬೆರಳಚ್ಚು ಯಂತ್ರದ ಕಾಲದಲ್ಲಿ ಕಾರ್ಬನ್ ಹಾಳೆಗಳ ನಡುವೆ ನಾಲ್ಕೈದು ಪ್ರತಿಗಳಿಗಿಂತ ಹೆಚ್ಚು ತೆಗೆದರೆ ಕೊನೆಯದು ಓದಲಾಗದಷ್ಟು ಮಸುಕಾಗುತ್ತಿತ್ತು, ಹೆಚ್ಚು ಬೇಕೆಂದರೆ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಬೇಕಾಗಿತ್ತು. ಆದ್ದರಿಂದ ಪತ್ರದ ಕೊನೆಯಲ್ಲಿ ಮಾಹಿತಿಗಾಗಿ ಪ್ರತಿ ಯಾರಿಗೆಲ್ಲ ಹೋಗಬೇಕೆಂಬ ಪಟ್ಟಿ ಚಿಕ್ಕದಿರುತ್ತಿತ್ತು. ಸಾಮಾನ್ಯ ಕಾಗದದ ಮೇಲೆ ನಕಲು ತೆಗೆಯುವ ಝೆರಾಕ್ಸ್ 914 ಯಂತ್ರ 1959ರಲ್ಲಿ ಬಂದಾಗ ಈ ಸಹಜ ಮಿತಿ ಅಳಿಯಿತು, ಪಟ್ಟಿ ಬೆಳೆಯಿತು. 1975ರಲ್ಲಿ ಅಮೆರಿಕದ ಬಿಸಿನೆಸ್‌ವೀಕ್ ಪತ್ರಿಕೆ ಕಾಗದವಿಲ್ಲದ ಕಚೇರಿಯ ಭವಿಷ್ಯ ನುಡಿಯಿತಾದರೂ, ಅಬಿಗೇಲ್ ಸೆಲೆನ್ ಮತ್ತು ರಿಚರ್ಡ್ ಹಾರ್ಪರ್ ಈ ಕಲ್ಪನೆಯನ್ನೇ ಪರೀಕ್ಷೆಗೊಡ್ಡಿ ಬರೆದ ಪುಸ್ತಕದ ಪ್ರಕಾರ ಇ-ಮೇಲ್ ಅಳವಡಿಸಿಕೊಂಡ ಸಂಸ್ಥೆಗಳಲ್ಲಿ ಕಾಗದದ ಬಳಕೆ ಸರಾಸರಿ ಶೇ 40ರಷ್ಟು ಏರಿತು. ಅದಕ್ಕೆ ಅವರು ಕೊಟ್ಟ ಕಾರಣ ಗಮನಾರ್ಹವಾದುದು. ಕಾಗದವನ್ನು ಪಕ್ಕಪಕ್ಕದಲ್ಲಿ ಹರಡಿಕೊಂಡು ಹೋಲಿಸಬಹುದು, ಅಂಚಿನಲ್ಲಿ ಗುರುತು ಹಾಕಬಹುದು, ಎಲ್ಲಿಯವರೆಗೆ ಓದಿದ್ದೆಂಬುದು ಕೈಗೇ ತಿಳಿಯುತ್ತದೆ. ಈ ಸೌಕರ್ಯಗಳಿಗೆ ಬದಲಿ ಒದಗಿಸದೆ ಕಾಗದ ಕಿತ್ತುಕೊಂಡರೆ ಜನ ಅದನ್ನು ಇನ್ನೊಂದು ದಾರಿಯಿಂದ ತರಿಸಿಕೊಳ್ಳುತ್ತಾರೆ. ಅಂದ ಮೇಲೆ ನೂರು ಪುಟಗಳ ಕರಾರನ್ನು ತಿದ್ದುವವರು ಅದನ್ನು ಮುದ್ರಿಸಿಕೊಂಡರೆ ಅದು ಅಪವ್ಯಯವಲ್ಲ, ಬಳಕೆ. ಅಪವ್ಯಯವೆಂದರೆ ಯಾರೂ ಓದದ ಹಾಳೆ.

ಮೊದಲು ಲೆಕ್ಕ

ಯಾವ ಕ್ರಮಕ್ಕೂ ಮುನ್ನ ಕಚೇರಿಯ ಈಗಿನ ಬಳಕೆ ಎಷ್ಟೆಂಬುದು ಅಂಕಿಯಲ್ಲಿ ಗೊತ್ತಿರಬೇಕು, ಇದಕ್ಕೆ ಹೊರಗಿನ ಸಲಹೆಗಾರರು ಬೇಕಿಲ್ಲ. ಕಾಗದ ಖರೀದಿಸಿದ ಬಿಲ್ಲುಗಳಿಂದ ವರ್ಷಕ್ಕೆ ಎಷ್ಟು ರೀಮ್, ಅಂದರೆ 500 ಹಾಳೆಗಳ ಎಷ್ಟು ಕಟ್ಟು, ಬಂದಿದೆ ಎಂಬುದು ಸಿಗುತ್ತದೆ. ಪ್ರಿಂಟರ್ ಮತ್ತು ನಕಲು ಯಂತ್ರಗಳು ತಾವು ಮುದ್ರಿಸಿದ ಒಟ್ಟು ಪುಟಗಳ ಎಣಿಕೆಯನ್ನು ತಮ್ಮೊಳಗೇ ಇಟ್ಟುಕೊಂಡಿರುವುದರಿಂದ ಪ್ರತಿ ತಿಂಗಳ ಮೊದಲ ದಿನ ಆ ಅಂಕಿಯನ್ನು ಬರೆದುಕೊಂಡರೆ ಯಾವ ಶಾಖೆಯ ಯಂತ್ರ ಎಷ್ಟು ದುಡಿಯುತ್ತಿದೆ ಎಂಬುದೂ ತಿಳಿಯುತ್ತದೆ. ಉದಾಹರಣೆಗೆ 40 ಜನರ ಕಚೇರಿಯೊಂದು ತಿಂಗಳಿಗೆ 20 ರೀಮ್ ಬಳಸಿದರೆ ಅದು 10,000 ಹಾಳೆ, ತಲಾ 250 ಹಾಳೆ, ಕೆಲಸದ ದಿನವೊಂದಕ್ಕೆ ತಲಾ ಸುಮಾರು ಹತ್ತು ಹಾಳೆ ಆಗುತ್ತದೆ. ತೂಕದ ಲೆಕ್ಕವೂ ಸುಲಭ. ಕಾಗದದ ಕಟ್ಟಿನ ಮೇಲೆ ಕಾಣುವ ಜಿಎಸ್‌ಎಂ ಎಂಬುದು ಒಂದು ಚದರ ಮೀಟರ್ ಕಾಗದದ ತೂಕವನ್ನು ಗ್ರಾಂಗಳಲ್ಲಿ ಹೇಳುವ ಅಳತೆ; 210 ಮಿ.ಮೀ. ಅಗಲ, 297 ಮಿ.ಮೀ. ಉದ್ದದ ಎ4 ಹಾಳೆಗಳು ಹದಿನಾರು ಸೇರಿದರೆ ಒಂದು ಚದರ ಮೀಟರ್ ಆಗುವುದರಿಂದ 80 ಜಿಎಸ್‌ಎಂ ಹಾಳೆ ಸರಿಯಾಗಿ 5 ಗ್ರಾಂ ತೂಗುತ್ತದೆ, 75 ಜಿಎಸ್‌ಎಂ ಹಾಳೆ 4.7 ಗ್ರಾಂ ಸಮೀಪಕ್ಕೆ ಬರುತ್ತದೆ. ಮೇಲಿನ ಕಚೇರಿಯ 10,000 ಹಾಳೆ 75 ಜಿಎಸ್‌ಎಂ ಆಗಿದ್ದರೆ ಅದು ತಿಂಗಳಿಗೆ ಸುಮಾರು 47 ಕಿಲೋ ಕಾಗದ.

ಇದನ್ನು ಮರಗಳ ಸಂಖ್ಯೆಗೆ ಪರಿವರ್ತಿಸಿ ಫಲಕ ಹಾಕುವ ಪದ್ಧತಿಯೊಂದಿದೆ. ಆ ಪರಿವರ್ತನೆ ಮರದ ಜಾತಿ, ಗಾತ್ರ ಮತ್ತು ತಿರುಳು ತೆಗೆಯುವ ವಿಧಾನವನ್ನು ಅವಲಂಬಿಸಿ ಬದಲಾಗುವುದರಿಂದ ಅದನ್ನು ಕೈಬಿಟ್ಟು ರೀಮ್ ಮತ್ತು ರೂಪಾಯಿಗಳಲ್ಲಿ ಮಾತನಾಡುವುದು ಲೇಸು. ಹಾಗೆಂದು ಕಾಗದಕ್ಕೂ ಕಾಡಿಗೂ ಇರುವ ನಂಟು ಕರ್ನಾಟಕದ ಮಟ್ಟಿಗೆ ದೂರದ ಸಂಗತಿಯಲ್ಲ. 1930ರ ದಶಕದಲ್ಲಿ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಸ್ಥಾಪಿಸಿದ ಕಾಗದ ಕಾರ್ಖಾನೆ ಮತ್ತು 1950ರ ದಶಕದಲ್ಲಿ ಕಾಳಿ ನದಿಯ ದಡದ ದಾಂಡೇಲಿಯಲ್ಲಿ ಆರಂಭವಾದ ಕಾರ್ಖಾನೆ ಎರಡೂ ಮೊದಲು ನೆಚ್ಚಿದ್ದು ಸುತ್ತಲಿನ ಕಾಡಿನ ಬಿದಿರನ್ನು. ಕಾರ್ಖಾನೆಗಳಿಗೆ ಅತಿ ಅಗ್ಗದ ದರದಲ್ಲಿ ಬಿದಿರು ಸಿಗುತ್ತಿದ್ದಾಗ ಅದೇ ಬಿದಿರಿನಿಂದ ಬುಟ್ಟಿ ಹೆಣೆಯುವವರು ಮಾರುಕಟ್ಟೆಯಲ್ಲಿ ಹಲವು ಪಟ್ಟು ಹೆಚ್ಚು ತೆರಬೇಕಾಗಿದ್ದ ವೈಪರೀತ್ಯವನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ 1970ರ ದಶಕದ ತಮ್ಮ ಅಧ್ಯಯನಗಳಲ್ಲಿ ಬಿಡಿಸಿ ತೋರಿಸಿದ್ದಾರೆ. ಬಿದಿರು ಕ್ಷೀಣಿಸಿದ ಬಳಿಕ ಅದರ ಜಾಗಕ್ಕೆ ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು ಬಂದದ್ದನ್ನು ಮಲೆನಾಡಿನವರು ಕಣ್ಣಾರೆ ಕಂಡಿದ್ದಾರೆ.

ಲೆಕ್ಕದ ಎರಡನೆಯ ಭಾಗ ಬುಟ್ಟಿಯ ಪರಿಶೀಲನೆ. ಒಂದು ವಾರ ಕಾಲ ಪ್ರಿಂಟರ್ ಪಕ್ಕದ ಮತ್ತು ಮೇಜುಗಳ ಬಳಿಯ ಕಾಗದವನ್ನು ಎಸೆಯದೆ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟು, ಕೊನೆಗೆ ಅದನ್ನು ರಾಶಿಗಳಾಗಿ ವಿಂಗಡಿಸಬೇಕು: ಮುದ್ರಿಸಿ ಯಾರೂ ಒಯ್ಯದ ಹಾಳೆ, ತಪ್ಪು ಕಂಡು ಮರುಮುದ್ರಿಸಿದ ಕರಡು, ಒಂದೇ ಸಾಲಿರುವ ಕೊನೆಯ ಪುಟ, ಸಭೆಯಲ್ಲಿ ಹಂಚಿ ಉಳಿದ ಪ್ರತಿ, ಹಳತಾದ ನಮೂನೆ. ಯಾವ ರಾಶಿ ದೊಡ್ಡದೋ ಅಲ್ಲಿಂದ ಕೆಲಸ ಶುರು. ವ್ಯಕ್ತಿಗಳ ಹೆಸರು ಹಿಡಿದು ಈ ಪರಿಶೀಲನೆ ನಡೆಸಬಾರದು. ನಡೆಸಿದರೆ ಮುಂದಿನ ವಾರದಿಂದ ಹಾಳೆಗಳು ಬೇರೆ ಬುಟ್ಟಿಗೆ ಬೀಳುತ್ತವೆ, ಲೆಕ್ಕ ಕೆಡುತ್ತದೆ.

ಯಂತ್ರದ ಹೊಂದಾಣಿಕೆ

ಎರಡು ಬದಿಯ ಮುದ್ರಣವನ್ನು ಪೂರ್ವನಿಗದಿಯಾಗಿಸುವುದನ್ನು ಪ್ರತಿ ನೌಕರನ ಕಂಪ್ಯೂಟರಿನಲ್ಲಿ ಬಿಡಿಬಿಡಿಯಾಗಿ ಮಾಡದೆ ಪ್ರಿಂಟರನ್ನು ಹಂಚುವ ಮುಖ್ಯ ಗಣಕದಲ್ಲೇ ಮಾಡಿಬಿಟ್ಟರೆ ಹೊಸದಾಗಿ ಸೇರಿದವರಿಗೂ ಅದು ತಾನಾಗಿ ಅನ್ವಯಿಸುತ್ತದೆ. ಅದರೊಂದಿಗೇ ಕಪ್ಪು-ಬಿಳುಪು ಮುದ್ರಣವನ್ನೂ ಪೂರ್ವನಿಗದಿಯಾಗಿಸಬಹುದು, ಪ್ರತಿ ಕೆಲಸಕ್ಕೂ ಮುನ್ನ ಬಳಕೆದಾರರ ಹೆಸರು ಹೊತ್ತು ಬರುವ ಶೀರ್ಷಿಕೆ ಹಾಳೆಯನ್ನು ನಿಲ್ಲಿಸಬಹುದು. ಯಾರೂ ಒಯ್ಯದ ಹಾಳೆಗಳ ರಾಶಿ ದೊಡ್ಡದಾಗಿದ್ದರೆ ತಡೆಹಿಡಿದ ಮುದ್ರಣ ಎಂಬ ಏರ್ಪಾಡು ನೆರವಾಗುತ್ತದೆ: ಆಜ್ಞೆ ಕೊಟ್ಟ ಕೂಡಲೇ ಹಾಳೆ ಹೊರಬರದೆ ಯಂತ್ರದ ನೆನಪಿನಲ್ಲಿ ಕಾದಿರುತ್ತದೆ, ಸಂಬಂಧಪಟ್ಟವರು ಯಂತ್ರದ ಬಳಿ ಬಂದು ಗುಪ್ತ ಸಂಖ್ಯೆ ಒತ್ತಿದ ಮೇಲಷ್ಟೇ ಅಚ್ಚಾಗುತ್ತದೆ, ನಿಗದಿತ ಸಮಯದೊಳಗೆ ಯಾರೂ ಬಾರದಿದ್ದರೆ ಆಜ್ಞೆ ಅಳಿಸಿಹೋಗುತ್ತದೆ. ಮಧ್ಯಮ ದರ್ಜೆಯ ಎಷ್ಟೋ ಯಂತ್ರಗಳಲ್ಲಿ ಈ ಸೌಲಭ್ಯ ಮೊದಲೇ ಇದ್ದು ಯಾರೂ ಅದನ್ನು ಚಾಲೂ ಮಾಡಿರುವುದಿಲ್ಲ. ಸಂಬಳದ ಚೀಟಿ, ವೈದ್ಯಕೀಯ ಬಿಲ್ಲುಗಳಂಥ ಖಾಸಗಿ ಕಾಗದ ಎಲ್ಲರ ಕಣ್ಣಿಗೆ ಬೀಳುವುದೂ ಇದರಿಂದ ತಪ್ಪುತ್ತದೆ.

ಲೆಕ್ಕಪತ್ರ ಶಾಖೆಗಳಲ್ಲಿ ಅತಿ ಹೆಚ್ಚು ಹಾಳೆ ತಿನ್ನುವುದು ಎಕ್ಸೆಲ್ ಕೋಷ್ಟಕ. ಕೊನೆಯ ಒಂದು ಕಂಬಸಾಲು ಪುಟದ ಅಗಲದಿಂದ ಹೊರಗುಳಿದರೆ ಹತ್ತು ಪುಟದ ಕೋಷ್ಟಕ ಇಪ್ಪತ್ತಾಗುತ್ತದೆ, ಎರಡನೆಯ ಹತ್ತರಲ್ಲಿ ಷರಾ ಎಂಬ ಖಾಲಿ ಕಂಬಸಾಲಿನ ಹೊರತು ಇನ್ನೇನೂ ಇರುವುದಿಲ್ಲ. ಮುದ್ರಣಕ್ಕೆ ಬೇಕಾದ ಭಾಗವನ್ನಷ್ಟೇ ಗುರುತಿಸುವುದು, ಅಗಲವನ್ನು ಒಂದು ಪುಟಕ್ಕೆ ಹೊಂದಿಸುವುದು, ಹಾಳೆಯನ್ನು ಅಡ್ಡವಾಗಿಸುವುದು ಈ ಮೂರನ್ನು ಕಚೇರಿಯ ಮಾದರಿ ಕಡತದಲ್ಲೇ ಅಳವಡಿಸಿಟ್ಟರೆ ದಿನವೂ ನೆನಪಿಸುವ ಕೆಲಸವಿರುವುದಿಲ್ಲ.

ಹಾಳೆಯ ಅಳತೆ ಮತ್ತು ಅಂಚಿನ ವಿಷಯದಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಉದಾಹರಣೆ ಉಪಯುಕ್ತವಾಗಿದೆ. ಲೀಗಲ್ ಹಾಳೆ ಎಂದು ಕರೆಯಲಾಗುವ, ಎ4ಗಿಂತ ಉದ್ದವಾದ ಕಾಗದದ ಒಂದೇ ಬದಿಯಲ್ಲಿ, ಸಾಲುಗಳ ನಡುವೆ ಧಾರಾಳ ಅಂತರ ಬಿಟ್ಟು ಅರ್ಜಿ ಸಲ್ಲಿಸುವುದು ನ್ಯಾಯಾಲಯಗಳಲ್ಲಿ ದಶಕಗಳ ಸಂಪ್ರದಾಯವಾಗಿತ್ತು. 2020ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿದ ಸರ್ವೋಚ್ಚ ನ್ಯಾಯಾಲಯ ಅದೇ ವರ್ಷದ ಏಪ್ರಿಲ್ 1ರಿಂದ ಎ4 ಹಾಳೆಯ ಎರಡೂ ಬದಿಯಲ್ಲಿ ಮುದ್ರಿಸಬೇಕೆಂದು ವಿಧಿಸಿತಲ್ಲದೆ ಅಕ್ಷರದ ಗಾತ್ರ, ಸಾಲಿನ ಅಂತರ, ಅಂಚುಗಳ ಅಳತೆಯನ್ನೂ ಗೊತ್ತುಪಡಿಸಿತು. ಒಂದು ಹಾಳೆಯ ನಿಯಮ ಬದಲಾದದ್ದಕ್ಕೆ ದೇಶದ ಯಾವ ವಕೀಲರ ಮನಸ್ಸನ್ನೂ ಒಲಿಸಬೇಕಾಗಲಿಲ್ಲ. ಖಾಸಗಿ ಕಚೇರಿಯೂ ತನ್ನ ಪತ್ರ, ಟಿಪ್ಪಣಿ, ವರದಿಗಳಿಗೆ ಇಂಥದೇ ಒಂದು ಪುಟವಿನ್ಯಾಸ ನಿಗದಿ ಮಾಡಬಹುದು. ಆದರೆ ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರವನ್ನು ಕನ್ನಡಕ್ಕೆ ಹಾಗೆಯೇ ಹೊಂದಿಸಹೋದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದು ತೊಡಕಾಗುತ್ತದೆ. ಕನ್ನಡದಲ್ಲಿ ಅಕ್ಷರದ ಗಾತ್ರವನ್ನು ಒಂದು ಪಾಯಿಂಟ್ ಕಿರಿದುಗೊಳಿಸಿ ಅಂತರವನ್ನು ಹಾಗೆಯೇ ಉಳಿಸುವುದು ಉತ್ತಮ.

ಕನ್ನಡ ಕಡತಗಳ ವಿಶೇಷ ತೊಡಕು

ಕನ್ನಡದಲ್ಲಿ ವ್ಯವಹರಿಸುವ ಕಚೇರಿಗಳಿಗೆ ಕಾಗದ ಹೆಚ್ಚಲು ಇನ್ನೊಂದು ಕಾರಣವಿದೆ, ಇದನ್ನು ಕಾಗದ ಉಳಿತಾಯದ ಸಾಮಾನ್ಯ ಕೈಪಿಡಿಗಳು ಮುಟ್ಟುವುದೇ ಇಲ್ಲ. ಬರಹ ಹಾಗೂ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು ಕಚೇರಿಗಳಿಗೆ ಕನ್ನಡವನ್ನು ತಂದುಕೊಟ್ಟ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕೂತಿರುತ್ತವೆ. ಹಾಗಾಗಿ ಅದೇ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದಾಗ ಆದೇಶದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಇದನ್ನು ಒಮ್ಮೆ ಅನುಭವಿಸಿದ ಸಿಬ್ಬಂದಿ ಮುಂದೆ ಕಡತ ಕಳಿಸುವ ಗೋಜಿಗೇ ಹೋಗದೆ ಮುದ್ರಿಸಿ, ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಚಿತ್ರವಾಗಿ ಕಳಿಸುತ್ತಾರೆ. ಪಡೆದವರು ಅದನ್ನು ಮತ್ತೆ ಮುದ್ರಿಸುತ್ತಾರೆ, ಅದರ ಅಂಕಿಅಂಶ ಬೇಕಾದರೆ ಹೊಸದಾಗಿ ಬೆರಳಚ್ಚು ಮಾಡಿ ಮೂರನೆಯ ಸಲ ಮುದ್ರಿಸುತ್ತಾರೆ. ಚಿತ್ರರೂಪದ ಕಡತದಲ್ಲಿ ಪದ ಹುಡುಕಲಾಗದ ಕಾರಣ ಹಿಂದಿನ ಆದೇಶ ಹುಡುಕಲು ಕಾಗದದ ಫೈಲೇ ಗತಿ ಎನಿಸುತ್ತದೆ.

ಇದರ ಪರಿಹಾರ ಯೂನಿಕೋಡ್, ಅಂದರೆ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳೂ ಒಪ್ಪುವ ಒಂದೇ ಸಂಖ್ಯೆ ನೀಡಿರುವ ವ್ಯವಸ್ಥೆ. ನುಡಿ ಸೇರಿದಂತೆ ಈಗಿನ ಕನ್ನಡ ತಂತ್ರಾಂಶಗಳೆಲ್ಲ ಅದರಲ್ಲೇ ಬೆರಳಚ್ಚಿಸಲು ಅನುವು ಮಾಡಿಕೊಡುತ್ತವೆ, ಕೀಲಿಮಣೆಯನ್ನು ಹೊಸದಾಗಿ ಕಲಿಯಬೇಕಿಲ್ಲ. ಕಚೇರಿ ಮಾಡಬೇಕಾದದ್ದು ಇಷ್ಟು: ಹೊಸ ಕಡತಗಳೆಲ್ಲ ಯೂನಿಕೋಡಿನಲ್ಲೇ ಇರಬೇಕೆಂದು ಒಂದು ದಿನಾಂಕ ಗೊತ್ತುಮಾಡುವುದು, ದಿನಬಳಕೆಯ ಮಾದರಿ ಪತ್ರಗಳನ್ನು ಪರಿವರ್ತಕ ತಂತ್ರಾಂಶದಿಂದ ಬದಲಿಸಿಕೊಳ್ಳುವುದು, ಪರಿವರ್ತನೆಯಾದ ಪಠ್ಯದಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪಿವೆಯೇ ಎಂದು ಒಮ್ಮೆ ಕಣ್ಣಾಡಿಸುವುದು. ಹಳೆಯ ಕಡತಗಳನ್ನೆಲ್ಲ ಬದಲಿಸಲು ಹೊರಟು ಸೋತು ಕೂರುವುದಕ್ಕಿಂತ ಬೇಕಾದಾಗ ಬೇಕಾದದ್ದನ್ನು ಬದಲಿಸಿಕೊಳ್ಳುವುದು ಜಾಣತನ.

ಇನ್ನೊಂದು ಸೆಟ್ ಝೆರಾಕ್ಸ್

ಕಾಗದ ಉಳಿಸುವ ಮಾತಿನಲ್ಲಿ ಪ್ರಿಂಟರಿಗಿಂತ ಮುಖ್ಯವಾದದ್ದು ನಕಲು ಕೇಳುವ ಅಭ್ಯಾಸ. ಕೆಲಸಕ್ಕೆ ಸೇರುವ ಒಬ್ಬ ನೌಕರನಿಂದ ಸಿಬ್ಬಂದಿ ಶಾಖೆ ಒಂದು ಸೆಟ್ ಅಂಕಪಟ್ಟಿ, ಗುರುತಿನ ಚೀಟಿ, ವಿಳಾಸದ ಪುರಾವೆ ಪಡೆಯುತ್ತದೆ; ವೇತನ ಶಾಖೆ ಬ್ಯಾಂಕ್ ಖಾತೆಗಾಗಿ ಇನ್ನೊಂದು ಸೆಟ್ ಕೇಳುತ್ತದೆ; ವಿಮೆಗೆ, ಭವಿಷ್ಯನಿಧಿಗೆ, ಪ್ರವೇಶ ಚೀಟಿಗೆ ಮತ್ತೆ ಮತ್ತೆ ಅವೇ ಪ್ರತಿಗಳು. ಪ್ರತಿ ಶಾಖೆಯೂ ತನ್ನ ಕಪಾಟಿನಲ್ಲಿರುವುದನ್ನು ಮಾತ್ರ ದಾಖಲೆಯೆಂದು ಭಾವಿಸುತ್ತದೆ. ಒಮ್ಮೆ ಪಡೆದು ಪರಿಶೀಲಿಸಿದ ದಾಖಲೆಯನ್ನು ಎಲ್ಲ ಶಾಖೆಗಳೂ ನೋಡಬಲ್ಲ ಒಂದೇ ಜಾಗದಲ್ಲಿಟ್ಟು, ಮೂಲದೊಂದಿಗೆ ತಾಳೆ ನೋಡಿದವರ ಹೆಸರು ಮತ್ತು ದಿನಾಂಕ ನಮೂದಿಸುವುದೇ ಇದಕ್ಕೆ ಉತ್ತರ. ನಂಬಿಕೆಯನ್ನು ಕೊಡುವುದು ಆ ನಮೂದು.

ಸಾರ್ವಜನಿಕರಿಂದ ಅರ್ಜಿ ಪಡೆಯುವ ಕಚೇರಿ, ಶಾಲೆ, ಬ್ಯಾಂಕುಗಳಲ್ಲಿ ಉಳಿತಾಯದ ಅವಕಾಶ ಇನ್ನೂ ಹೆಚ್ಚು. ಕರ್ನಾಟಕದ ನಾಡಕಚೇರಿಗಳು ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೆ ಆರ್‌ಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯೊಂದಿದ್ದು, ಅದನ್ನು ಜಾಲತಾಣದಲ್ಲಿ ನಮೂದಿಸಿದರೆ ಪ್ರಮಾಣಪತ್ರದ ನಿಜಾಂಶ ತಿಳಿಯುತ್ತದೆ. ಸಂಖ್ಯೆಯೇ ಸಾಕಾಗಿರುವಾಗ ನಮೂನೆಯಲ್ಲಿ ಆ ಸಂಖ್ಯೆಗೊಂದು ಅಂಕಣವಿಟ್ಟು ಝೆರಾಕ್ಸ್ ಲಗತ್ತಿಸಬೇಕೆಂಬ ಸಾಲನ್ನು ತೆಗೆದುಹಾಕಬಹುದು. 2015ರಲ್ಲಿ ಆರಂಭವಾದ ಡಿಜಿಲಾಕರ್ ಎಂಬ ಸರ್ಕಾರಿ ವಿದ್ಯುನ್ಮಾನ ಪೆಟ್ಟಿಗೆಯ ಮೂಲಕ ನೀಡಲಾದ ದಾಖಲೆಗಳಿಗೆ ಸಂಬಂಧಪಟ್ಟ ನಿಯಮಗಳು ಮೂಲ ದಾಖಲೆಯ ಸ್ಥಾನವನ್ನೇ ಕೊಟ್ಟಿವೆ. ಗುರುತಿಗಾಗಿ ಆಧಾರ್ ಪ್ರತಿ ಅನಿವಾರ್ಯವಾದಾಗಲೂ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಕಡತವಾಗಿ ಪಡೆಯಬಹುದು. ನಮೂನೆಯನ್ನು ವರ್ಷಕ್ಕೊಮ್ಮೆ ಕೈಗೆತ್ತಿಕೊಂಡು ಅದರ ಪ್ರತಿ ಅಂಕಣದ ಎದುರು, ಈ ಮಾಹಿತಿ ಕಳೆದ ವರ್ಷ ಯಾರಿಗಾದರೂ ಉಪಯೋಗಕ್ಕೆ ಬಂತೇ ಎಂದು ಕೇಳಿಕೊಂಡರೆ ನಾಲ್ಕು ಪುಟದ ಅರ್ಜಿ ಎರಡು ಪುಟಕ್ಕೆ, ಅಂದರೆ ಒಂದೇ ಹಾಳೆಗೆ, ಇಳಿಯುವುದು ಕಷ್ಟವೇನಲ್ಲ.

ಲೆಕ್ಕಪತ್ರದ ಕಾಗದವೂ ಇದೇ ಅಪನಂಬಿಕೆಯ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ರೂಪುಗೊಂಡ ಟ್ಯಾಲಿಯಂಥ ತಂತ್ರಾಂಶದಲ್ಲಿ ಎಲ್ಲ ವೋಚರುಗಳಿದ್ದರೂ ಪ್ರತಿಯೊಂದನ್ನೂ ಮುದ್ರಿಸಿ ಪೋಣಿಸಿಡುವುದಕ್ಕೆ ಮುಖ್ಯ ಕಾರಣ, ಕಂಪ್ಯೂಟರಿನಲ್ಲಿರುವ ನಮೂದನ್ನು ಯಾರು ಬೇಕಾದರೂ ತಿದ್ದಬಹುದೆಂಬ ಅಂಜಿಕೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಿನಾಂಕ ಸಹಿತ ಜಾಡು ದಾಖಲಾಗುವುದು, ಆ ಜಾಡನ್ನು ಅಳಿಸಲಾಗದಂತಿರುವುದು ಕಡ್ಡಾಯವಾಗಿರುವುದರಿಂದ ಆ ಅಂಜಿಕೆಗೆ ಈಗ ಮೊದಲಿನಷ್ಟು ಆಧಾರವಿಲ್ಲ. ಲೆಕ್ಕಪರಿಶೋಧಕರೊಂದಿಗೆ ವರ್ಷಾರಂಭದಲ್ಲೇ ಮಾತನಾಡಿ ಯಾವ ಕಾಗದ ಅವರಿಗೆ ನಿಜವಾಗಿ ಬೇಕು ಎಂಬ ಪಟ್ಟಿ ಪಡೆದುಕೊಳ್ಳುವುದು ಒಳ್ಳೆಯದು. ಕಂಪನಿಗಳ ವಾರ್ಷಿಕ ವರದಿಯನ್ನು ಷೇರುದಾರರಿಗೆ ಇ-ಮೇಲ್ ಮೂಲಕ ಕಳಿಸಲು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2011ರಲ್ಲೇ ಸುತ್ತೋಲೆಗಳ ಮೂಲಕ ಅನುಮತಿಸಿತ್ತು.

ಸಭೆಯ ಕಾರ್ಯಸೂಚಿ, ನಡವಳಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಮುಂಚಿತವಾಗಿ ಕಡತ ಕಳಿಸುವುದು, ಸಭೆಯಲ್ಲಿ ಪರದೆಯ ಮೇಲೆ ತೋರಿಸುವುದು, ಕೇಳಿದವರಿಗೆ ಮಾತ್ರ ಪ್ರತಿ ಕೊಡುವುದು.

ಇ-ಕಚೇರಿ ಮತ್ತು ಎರಡು ದೋಣಿಯ ಅವಸ್ಥೆ

ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಇ-ಆಫೀಸ್ ವ್ಯವಸ್ಥೆಯಲ್ಲಿ ಸರ್ಕಾರಿ ಕಡತದ ಎರಡು ಅಂಗಗಳು, ಅಂದರೆ ಅಧಿಕಾರಿಗಳ ಅಭಿಪ್ರಾಯ ಸಾಗುವ ಟಿಪ್ಪಣಿ ಭಾಗವೂ ಬಂದ-ಹೋದ ಪತ್ರಗಳಿರುವ ಪತ್ರವ್ಯವಹಾರ ಭಾಗವೂ, ಪರದೆಯ ಮೇಲೆಯೇ ಮುಂದುವರಿದು ಡಿಜಿಟಲ್ ಸಹಿಯಿಂದ ಮುಕ್ತಾಯವಾಗುತ್ತವೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲೂ ಇದು ಬಳಕೆಗೆ ಬಂದಿದೆ. ಇಂಥ ಬದಲಾವಣೆಯ ಅತ್ಯಂತ ಅಪಾಯದ ಘಟ್ಟ ಅದರ ಮೊದಲ ತಿಂಗಳುಗಳು. ಹಳೆಯ ಕಾಗದದ ಕಡತವನ್ನು ಮುಚ್ಚದೆ ಹೊಸದನ್ನು ತೆರೆದರೆ ವಿಷಯ ನಿರ್ವಾಹಕರು ಪರದೆಯ ಟಿಪ್ಪಣಿಯನ್ನು ಮುದ್ರಿಸಿ ಕಾಗದದ ಕಡತಕ್ಕೂ ಸೇರಿಸುತ್ತಾರೆ, ಮೇಲಧಿಕಾರಿ ಕಾಗದದ ಮೇಲೆ ಬರೆದ ಷರಾವನ್ನು ಸ್ಕ್ಯಾನ್ ಮಾಡಿ ಪರದೆಗೂ ಏರಿಸುತ್ತಾರೆ; ಕೆಲಸವೂ ಕಾಗದವೂ ಇಮ್ಮಡಿಯಾಗುತ್ತವೆ. ಇಂತಿಂಥ ವಿಷಯದ ಕಾಗದದ ಕಡತ ಇಂಥ ದಿನ ಮುಕ್ತಾಯ, ಅಂದಿನಿಂದ ವಿದ್ಯುನ್ಮಾನ ಪ್ರತಿಯೇ ಅಧಿಕೃತ ಎಂಬ ಲಿಖಿತ ಆದೇಶವಿಲ್ಲದೆ ಇ-ಕಚೇರಿಯನ್ನು ಆರಂಭಿಸದಿರುವುದೇ ಮೇಲು. ಮತ್ತು ಆದೇಶಕ್ಕೆ ಮೊದಲು ಒಳಪಡಬೇಕಾದವರು ಹಿರಿಯ ಅಧಿಕಾರಿಗಳು. ಅವರು ಇ-ಮೇಲನ್ನು ಪ್ರಿಂಟ್ ತೆಗೆಸಿ ಓದುವವರೆಗೆ ಕೆಳಗಿನವರು ಪ್ರಿಂಟ್ ತೆಗೆಯುವುದನ್ನು ನಿಲ್ಲಿಸಲಾರರು. ದೀರ್ಘ ಓದಿಗೆ ಅವರ ಮೇಜಿನ ಮೇಲೆ ಎರಡನೆಯ ಪರದೆಯೊಂದನ್ನು ಒದಗಿಸುವುದು ಸಣ್ಣ ಖರ್ಚು.

ಕಾನೂನಿನ ಭಯವೂ ಕಾಗದವನ್ನು ಬೆಳೆಸುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೆಯ ಪ್ರಕರಣ ವಿದ್ಯುನ್ಮಾನ ದಾಖಲೆಗೆ, 5ನೆಯ ಪ್ರಕರಣ ವಿದ್ಯುನ್ಮಾನ ಸಹಿಗೆ ಮಾನ್ಯತೆ ನೀಡಿವೆ. ಉಯಿಲು, ನ್ಯಾಸಪತ್ರದಂಥ ಕೆಲವು ದಸ್ತಾವೇಜುಗಳು ಮಾತ್ರ ಆ ಕಾಯ್ದೆಯ ವ್ಯಾಪ್ತಿಯ ಹೊರಗಿವೆ. ದಾಖಲೆಗಳನ್ನು ಕಾಪಾಡಬೇಕಾದ ಅವಧಿಯೂ ಅನಂತವಲ್ಲ. ಕಂಪನಿ ಕಾಯ್ದೆಯಡಿ ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳವರೆಗೆ, ಜಿಎಸ್‌ಟಿ ಕಾಯ್ದೆಯಡಿ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳವರೆಗೆ ಕಾಪಾಡಬೇಕು; ವಿವಾದ ಅಥವಾ ತನಿಖೆ ಬಾಕಿಯಿದ್ದರೆ ಅದು ಮುಗಿಯುವವರೆಗೂ ಮುಟ್ಟಬಾರದು. ಪ್ರತಿ ಬಗೆಯ ದಾಖಲೆಯ ಎದುರು ಅದರ ಅವಧಿ ಬರೆದ ಒಂದು ಪುಟದ ಪಟ್ಟಿ ದಾಖಲೆ ಕೋಣೆಯ ಬಾಗಿಲಲ್ಲಿದ್ದರೆ ಯಾವುದಕ್ಕೂ ಇರಲಿ ಎಂದು ಕಾದಿಟ್ಟ ಪ್ರತಿಗಳು ಕರಗುತ್ತವೆ.

ಕೊಳ್ಳುವುದು, ಇಡುವುದು, ಮರುಬಳಸುವುದು

ಒಳಕಚೇರಿಯ ಬಳಕೆಗೆ 70 ಜಿಎಸ್‌ಎಂ, ಹೊರಗೆ ಹೋಗುವ ಪತ್ರಗಳಿಗೆ 75 ಅಥವಾ 80 ಎಂದು ಬೇರ್ಪಡಿಸಿದರೆ ತೂಕದಲ್ಲಿ ಉಳಿತಾಯವಾಗುತ್ತದೆ, ಆದರೆ ತೀರ ತೆಳು ಹಾಳೆಯಲ್ಲಿ ಎರಡು ಬದಿಯ ಮುದ್ರಣ ಆಚೆಗೆ ಕಾಣುವುದರಿಂದ ಖರೀದಿಗೆ ಮೊದಲು ಒಂದು ರೀಮ್ ತರಿಸಿ ನೋಡಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಕಾಗದ ತೇವ ಹೀರಿ ಬಾಗುತ್ತದೆ, ಎರಡು ಹಾಳೆ ಒಟ್ಟಿಗೆ ಎಳೆದುಕೊಂಡು ಯಂತ್ರ ಸಿಕ್ಕಿಕೊಳ್ಳುತ್ತದೆ, ಹಾಳಾದ ಹಾಳೆಗಳ ಜೊತೆ ಅದೇ ಕೆಲಸ ಮತ್ತೆ ಮುದ್ರಣವಾಗುತ್ತದೆ. ರೀಮ್‌ಗಳನ್ನು ನೆಲಕ್ಕೆ ಮತ್ತು ಗೋಡೆಗೆ ತಾಗದಂತೆ ಹಲಗೆಯ ಮೇಲಿಡುವುದು, ಬೇಕಾದಾಗಷ್ಟೇ ಹೊದಿಕೆ ಬಿಚ್ಚುವುದು, ಸಂಜೆ ಯಂತ್ರದ ತಟ್ಟೆಯಲ್ಲಿ ಉಳಿದ ಹಾಳೆಗಳನ್ನು ಮತ್ತೆ ಹೊದಿಕೆಯೊಳಗೆ ಹಾಕುವುದು ಇದಕ್ಕೆ ಸಾಕು. ಜೂನ್‌ಗೆ ಮೊದಲು ವರ್ಷಕ್ಕಾಗುವಷ್ಟು ಕಾಗದ ತುಂಬಿಸಿಡುವುದು ಅಲ್ಲಿನ ಕಚೇರಿಗಳಿಗೆ ಲಾಭದ ವ್ಯವಹಾರವಲ್ಲ.

ಒಂದು ಬದಿ ಖಾಲಿಯಿರುವ ಹಾಳೆಯನ್ನು ಮತ್ತೆ ಪ್ರಿಂಟರಿಗೆ ತುಂಬುವುದು ಮಿತವ್ಯಯದಂತೆ ಕಂಡರೂ, ಮರೆತು ಉಳಿದ ಪಿನ್ನು ಮತ್ತು ಬಾಗಿದ ಮೂಲೆಗಳು ಯಂತ್ರವನ್ನು ಕೆಡಿಸುವುದರಿಂದ ಅಂಥ ಹಾಳೆಗಳನ್ನು ಕತ್ತರಿಸಿ ಟಿಪ್ಪಣಿ ಪುಸ್ತಕ ಕಟ್ಟಿಸುವುದು ಉತ್ತಮ. ಜನರ ಹೆಸರು, ಫೋನ್ ಸಂಖ್ಯೆ, ಖಾತೆ ಸಂಖ್ಯೆ, ಆರೋಗ್ಯದ ವಿವರಗಳಿರುವ ಹಾಳೆಗಳನ್ನು ಮಾತ್ರ ಈ ರಾಶಿಗೆ ಬೆರೆಸಲೇಬಾರದು. ಕಚೇರಿಯಿಂದ ಹೊರಬಿದ್ದ ಅರ್ಜಿ ಕಡಲೆಕಾಯಿಯ ಪೊಟ್ಟಣವಾಗಿ ಅಪರಿಚಿತರ ಕೈ ಸೇರುವುದು ಈ ನಾಡಿನಲ್ಲಿ ಅಪರೂಪದ ದೃಶ್ಯವಲ್ಲ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿಯೇ ಕಾಯ್ದೆಯೊಂದು ಬಂದ ಮೇಲೆ ಈ ವಿಷಯದಲ್ಲಿ ಕಚೇರಿಗಳು ಇನ್ನಷ್ಟು ಎಚ್ಚರ ವಹಿಸಬೇಕಾಗಿದೆ.

ಕಡೆಗೆ ಉಳಿಯುವುದು ರದ್ದಿ. ಕಾಗದದ ನಾರು ಪ್ರತಿ ಮರುಬಳಕೆಯಲ್ಲೂ ಸ್ವಲ್ಪ ಸ್ವಲ್ಪ ಮೋಟಾಗುತ್ತ ಸುಮಾರು ಐದರಿಂದ ಏಳು ಸುತ್ತುಗಳಲ್ಲಿ ಬಳಕೆಗೆ ಬಾರದಂತಾಗುತ್ತದೆ. ಅದರಲ್ಲೂ ಕಚೇರಿಯ ಬಿಳಿ ಕಾಗದದ ನಾರು ಉತ್ತಮ ದರ್ಜೆಯದಾಗಿರುವುದರಿಂದ ಅದನ್ನು ಪತ್ರಿಕೆ, ರಟ್ಟುಗಳ ಜೊತೆ ಬೆರೆಸದೆ ಪ್ರತ್ಯೇಕವಾಗಿ ಕೂಡಿಟ್ಟರೆ ರದ್ದಿ ವ್ಯಾಪಾರಿಯಿಂದ ಹೆಚ್ಚು ಬೆಲೆ ಸಿಗುತ್ತದೆ. ಸ್ಟೇಪಲ್ ಪಿನ್ನುಗಳನ್ನು ಕಾರ್ಖಾನೆಯ ಜರಡಿಗಳು ಬೇರ್ಪಡಿಸುತ್ತವೆ, ಅವುಗಳನ್ನು ಕೀಳುತ್ತ ಕೂರಬೇಕಿಲ್ಲ. ಸ್ಪೈರಲ್ ಬೈಂಡಿನ ಪ್ಲಾಸ್ಟಿಕ್ ಮತ್ತು ಪಾರದರ್ಶಕ ಹೊದಿಕೆಯನ್ನು ಮಾತ್ರ ಬಿಚ್ಚಬೇಕು. ಲ್ಯಾಮಿನೇಟ್ ಮಾಡಿದ ಹಾಳೆ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟ, ಶಾಖದಿಂದ ಅಚ್ಚಾಗುವ ಎಟಿಎಂ ಚೀಟಿ ಮತ್ತು ಅಂಗಡಿ ಬಿಲ್ಲುಗಳು ಬಿಳಿ ಕಾಗದದ ರಾಶಿಗೆ ಸೇರಬಾರದು, ಊಟದ ಎಣ್ಣೆ ಹತ್ತಿದ ಕಾಗದ ಹಸಿ ಕಸಕ್ಕೆ ಹೋಗಬೇಕು. ಸರ್ಕಾರಿ ದಾಖಲೆಯಾದರೆ ವಿಲೇವಾರಿಗೆ ಮುನ್ನ ಅದರ ವರ್ಗ ಮತ್ತು ಅವಧಿಯನ್ನು ನೋಡಿ, ನಾಶಪಡಿಸುವ ಪಟ್ಟಿಗೆ ಸಕ್ಷಮ ಅಧಿಕಾರಿಯ ಒಪ್ಪಿಗೆ ಪಡೆದು, ರಿಜಿಸ್ಟರಿನಲ್ಲಿ ನಮೂದಿಸಬೇಕು. ಗೋಪ್ಯ ಕಾಗದವನ್ನು ಚೂರು ಮಾಡುವ ಯಂತ್ರಕ್ಕೆ ಹಾಕಲೇಬೇಕಾದರೂ ಚೂರಾದ ಕಾಗದದ ನಾರು ಮೋಟಾಗಿ ದರ್ಜೆ ಇಳಿಯುವುದರಿಂದ ಗುಟ್ಟಿಲ್ಲದ ಕಾಗದವನ್ನು ಆ ಯಂತ್ರಕ್ಕೆ ಒಡ್ಡದೆ ಹಾಗೆಯೇ ಕಟ್ಟಿಡಬೇಕು, ಚೂರುಗಳನ್ನು ಬೇರೆ ಚೀಲದಲ್ಲಿ ತುಂಬಿ ಒಣ ಕಸದವರಿಗೆ ಪ್ರತ್ಯೇಕವಾಗಿ ಒಪ್ಪಿಸಬೇಕು.